ಕರ್ಫ್ಯೂ ವಾರದಲ್ಲಿ ನಮ್ಮ ಮಹಡಿಯ ದೊರೆ

ಮಹಡಿ ಬಾಡಿಗೆಗೆ ಕೊಟ್ಟವರ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಮ್ಮ ಮಹಡಿಯಲ್ಲಿದ್ದವನು ಜರ್ಮನಿಯವನಾದ್ದರಿಂದ ನಮಗೆ ಸ್ವಲ್ಪ ಹೆಚ್ಚಾಗಿಯೇ ನಡೆಯಿತು.

ಅರವತ್ತರ ದಶಕ. ನಾನು ಮದುವೆಯಾಗಿ ಜಯನಗರಕ್ಕೆ ಬಂದ ಹೊಸತು. ಮಾವ ನಿವೃತ್ತ ಅಮಲ್ದಾರರು. ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಆ ಇಂಜಿನಿಯರಿಗೆ ಅವರು ಮಹಡಿ ಕೊಟ್ಟಿದ್ದೇ ‘ನಮ್ಮನೆ ಮೇಲೆ ದೊರೆ ಇದ್ದಾನೆ’ ಎಂದು ಬೀದಿಗೆಲ್ಲ ಹೇಳಿಕೊಳ್ಳುವುದಕ್ಕೆ. ಮಾವನ ಇಂಗ್ಲಿಷು ಕಾಗದದ ಮೇಲೆ ಗಂಭೀರವಾಗಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಕಾಲೇಜು ಮೆಟ್ಟಿಲು ಹತ್ತಿದ ತಪ್ಪಿಗೆ ನಾನು ಮನೆಯ ದುಭಾಷಿ.

ಆ ವಾರ ಪೇಟೆ ಕಡೆ ಗಲಾಟೆ. ಬಸ್ಸಿಗೆ ಬೆಂಕಿ, ಅಂಗಡಿಗೆ ಕಲ್ಲು. ನಮ್ಮ ಜಯನಗರದಲ್ಲಿ ಏನೂ ಇಲ್ಲ. ಅರ್ಧ ಕಟ್ಟಿದ ಮನೆಗಳ ಮುಂದೆ ಕಲ್ಲು ಬೇಕಾದಷ್ಟು ರಾಶಿ ಬಿದ್ದಿತ್ತು, ಹೊಡೆಯಲು ಜನರೇ ಇರಲಿಲ್ಲ. ಆದರೂ ದೊರೆಯ ಮುಖ ಬಾಡಿತ್ತು. ಅವನ ಹೆಂಡತಿ ಅದೇ ವಾರ ಬರುವವಳಿದ್ದಳು. ಮದುವೆಯಾಗಿ ವರ್ಷವಾಗಿತ್ತು, ಜೊತೆಗಿದ್ದದ್ದು ಎರಡು ತಿಂಗಳು. ಅವಳ ಕಾಗದ ನನಗೆ ಓದಿ ಹೇಳಿದ: “ಒಂದು ಹನಿ ರಕ್ತ ಕಣ್ಣಿಗೆ ಬಿದ್ದರೂ ಅಲ್ಲಿಂದಲೇ ವಾಪಸ್ಸು. ಮತ್ತೆ ಕರೆಯಬೇಡ.” ಓದಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ನನಗೂ ಪಾಪ ಅನ್ನಿಸಿತು.

ಐದನೆಯವನು

ಪೇಟೆಗೆ ಕರ್ಫ್ಯೂ ಬಿತ್ತು, ಊರಿಗೆಲ್ಲ ಐದು ಜನ ಒಂದೆಡೆ ಸೇರಬಾರದೆಂದು ಸರ್ಕಾರದ ಆಜ್ಞೆ ಹೊರಟಿತು. ನಮ್ಮ ದೇಶದವರು ಅಂಥ ಆಜ್ಞೆಯನ್ನು ಓದುವುದೇ ಐದು ಜನ ಸೇರಿ. ದೊರೆ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ಪಾಪ, ಹೋಟೆಲುಗಳೆಲ್ಲ ಮುಚ್ಚಿವೆಯೆಂದು ಅತ್ತೆ ಅವನನ್ನು ಊಟಕ್ಕೆ ಕರೆದರು. ಬಂದವನು ಎಲೆಗಳನ್ನು ಎಣಿಸಿದ. ಮಾವ, ಅತ್ತೆ, ನಮ್ಮ ಯಜಮಾನರು, ನಾನು, ತಾನು. ಬಾಗಿಲಲ್ಲೇ ನಿಂತುಬಿಟ್ಟ.

“ಯಾಕಂತೆ?” ಎಂದರು ಅತ್ತೆ.

“ನಾವು ಐದು ಜನ ಆಗ್ತೀವಂತೆ. ಕಾನೂನು ಒಪ್ಪಲ್ವಂತೆ.”

“ನಮ್ಮನೆ ಹುಳಿ ಅನ್ನಕ್ಕೂ ಕಾನೂನೇನೇ?”

ಮಾವನಿಗೆ ಮಾತ್ರ ಆನಂದ. “ನೋಡಿ ಕಲೀರಿ! ಇದಪ್ಪಾ ಶಿಸ್ತು ಅಂದ್ರೆ!” ಎಂದು ಮಗನನ್ನು ಎಲೆ ಸಮೇತ ಹಿತ್ತಲಿಗೆ ಕಳಿಸಿದರು. ಹುಟ್ಟಿದ ಮನೆಯಿಂದ ಗಡೀಪಾರಾಗಿ ನಮ್ಮ ಯಜಮಾನರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಊಟ ಮಾಡಿದರು.

ಬರಿ ಪಾತ್ರೆ

ಮಾರನೆಯ ದಿನದಿಂದ ಅತ್ತೆ ಸಾರನ್ನು ಮಹಡಿಗೇ ಕಳಿಸಿದರು. ದೊರೆ ಪಾತ್ರೆಯನ್ನು ಫಳಫಳ ತೊಳೆದು ಹಿಂದಿರುಗಿಸಿದ. ಅತ್ತೆಯ ಮುಖ ಸಣ್ಣದಾಯಿತು.

“ಬರಿ ಪಾತ್ರೆ ಕೊಡ್ತಾರೇನೇ ಯಾರಾದ್ರೂ? ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕ್ಬಾರ್ದಾ? ತಿಳಿಸಿ ಹೇಳು.”

ತಿಳಿಸಿ ಹೇಳಿದೆ. ಪಾತ್ರೆ ತುಂಬಿಯೇ ಕೊಡುವುದು ನಮ್ಮ ಪದ್ಧತಿ ಎಂದೆ. ದೊರೆ ನಾಚಿಕೊಂಡು ನೂರು ಸಲ ಕ್ಷಮೆ ಕೇಳಿದ. ಸಂಜೆ ಪಾತ್ರೆಯೊಳಗೆ ಒಂದು ಚಪ್ಪಟೆ ತಗಡಿನ ಡಬ್ಬಿ ಬಂತು. ಮೇಲೆ ಅವನ ಭಾಷೆಯ ಬರಹ, ಚಿನ್ನದ ಬಣ್ಣದ ಕಿರೀಟದ ಚಿತ್ರ. ನಾನು ಮನೆಯಲ್ಲಿರಲಿಲ್ಲ. ಸೀಮೆಯ ಮಿಠಾಯಿಯೇ ಇರಬೇಕೆಂದು ಮಾವ ತೀರ್ಮಾನಿಸಿ, ನೇರವಾಗಿ ದೇವರ ಮುಂದಿಟ್ಟು, ತುಳಸಿ ಹಾಕಿ ಗಂಟೆ ಬಾರಿಸಿದರು.

ನಾನು ಬಂದು ಮಹಡಿಗೆ ಹೋಗಿ ವಿಚಾರಿಸಿದರೆ, ಅದು ಎಣ್ಣೆಯಲ್ಲಿ ನೆನೆಸಿದ ಮೀನು.

ಅತ್ತೆ ದೇವರ ಮನೆಯನ್ನು ಮೂರು ಸಲ ತೊಳೆದರು. ಮಾವ ಕೊನೆಯವರೆಗೂ ಸೋಲಲಿಲ್ಲ: “ಡಬ್ಬಿ ಮುಚ್ಚಿತ್ತಲ್ಲ! ದೇವರಿಗೆ ಹೇಗೆ ಗೊತ್ತಾಗ್ಬೇಕು?”

ದೊರೆಸಾನಿ ಬಂದಳು

ಕೊನೆಗೆ ಅವಳು ಬರುವ ದಿನ ಬಂತು. ಪೊಲೀಸ್ ಜೀಪಿನಲ್ಲಿ ಕರೆತರುವ ಏರ್ಪಾಡು ಮಾಡಿಕೊಂಡು ದೊರೆ ಬೆಳಿಗ್ಗೆಯೇ ರೈಲು ಸ್ಟೇಷನ್ನಿಗೆ ಹೋದ. ಇತ್ತ ಮಾವನಿಗೆ ಯೋಚನೆ ಹತ್ತಿತು. ಊರಿಗೆಲ್ಲ ಕೆಟ್ಟ ದೃಷ್ಟಿ ತಾಗಿರುವಾಗ ಹೊಸ ಹೆಣ್ಣುಮಗಳು ಮನೆಗೆ ಕಾಲಿಡುತ್ತಿದ್ದಾಳೆ. ಬೂದುಗುಂಬಳಕಾಯಿ ಒಡೆಯಲೇಬೇಕು.

ಪ್ರತಿ ಸಲ ಒಡೆಯುತ್ತಿದ್ದ ಆಳು ಗಲಾಟೆಯ ಹೆಸರಲ್ಲಿ ರಜಾ. “ನಾನೇ ಒಡೀತೀನಿ,” ಎಂದರು ಮಾವ.

“ಬೇಡಿ ಅಂದ್ರೆ,” ಎಂದರು ಅತ್ತೆ.

ಮೂವತ್ತು ವರ್ಷ ಬೇರೆಯವರ ಕೈಯಲ್ಲಿ ಒಡೆಸಿ ಅಭ್ಯಾಸವಿದ್ದವರು ಕೇಳುತ್ತಾರೆಯೇ? ಕಾಯಿಗೆ ತೂತು ಮಾಡಿ, ಧಾರಾಳವಾಗಿ ಕುಂಕುಮ ತುಂಬಿ ನೀರು ಹಾಕಿ ಕಲಸಿ, ಗೇಟಿನ ಮುಂದೆ ನಿಂತು ನಿವಾಳಿಸಿ, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದರು. ತೂತು ಕೆಳಗೆ ಬಂದದ್ದನ್ನು ನೋಡಲಿಲ್ಲ. ಕುಂಕುಮವೆಲ್ಲ ಅವರ ಬೋಳುತಲೆಯ ಮೇಲಿಂದ ಬಿಳಿ ಶರ್ಟಿಗೆ ಇಳಿಯಿತು. ಕಾಯಿ ಕೈಜಾರಿ ಬಿದ್ದು ಒಡೆಯಿತು. ಮಾವ ಅದರ ಪಕ್ಕದಲ್ಲೇ ಕುಕ್ಕರಿಸಿದರು.

ಸರಿಯಾಗಿ ಆಗಲೇ ಜೀಪು ಬಂದು ನಿಂತಿತು.

ದೊರೆಯ ಮುಖ ಸುಣ್ಣದಂತೆ ಬಿಳುಚಿತು. ಅವನ ಹತ್ತು ತಿಂಗಳ ಕಾಯುವಿಕೆ ನಮ್ಮ ಗೇಟಿನ ಮುಂದೆ ಕೆಂಪಗೆ ಹರಿಯುತ್ತಿತ್ತು. ಮುಗೀತು ಇವನ ಸಂಸಾರ ಅಂದುಕೊಂಡೆ. ದೊರೆಸಾನಿ ಚೀರಿದಳು. ಚೀರಿ, ಜೀಪಿನೊಳಕ್ಕೆ ಹೋಗುವ ಬದಲು ಹೊರಕ್ಕೆ ಹಾರಿ, ಕತ್ತಿನ ರೇಷ್ಮೆ ಸ್ಕಾರ್ಫ್ ಬಿಚ್ಚಿ ಮಾವನ ತಲೆಗೆ ಬಿಗಿಯಾಗಿ ಸುತ್ತಿದಳು.

ಮಾವ ಇಡೀ ವಾರ ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನು ಆಗಲೇ ಹೇಳಬೇಕೆ? ಕೈಜೋಡಿಸಿ, ನಡುಗುವ ದನಿಯಲ್ಲಿ, “ವೆಲ್ಕಮ್ ಮೇಡಂ,” ಎಂದರು.

ಅವಳು ಅತ್ತೇಬಿಟ್ಟಳು. “ತಲೆ ಒಡೆದರೂ ಸ್ವಾಗತ ಮಾಡುತ್ತಿದ್ದಾರೆ! ಇವರನ್ನು ಈ ಸ್ಥಿತಿಯಲ್ಲಿ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ!” ಎಂದಳು ಗಂಡನಿಗೆ, ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ. ದೊರೆ ನನ್ನ ಕಡೆ ನೋಡಿದ. ನಾನು ನಿಜ ಹೇಳಲು ತೆರೆದ ಬಾಯಿ ಮುಚ್ಚಿಕೊಂಡೆ.

ಮಾವ ಸ್ಕಾರ್ಫ್ ಸುತ್ತಿಕೊಂಡೇ ಮಲಗಿದರು. ಆ ಗಲಾಟೆಯಲ್ಲಿ ಜಯನಗರದಿಂದ ಗಾಯಗೊಂಡವರು ಅವರೊಬ್ಬರೇ ಎಂದು ಬೀದಿಯವರು ಸಾಲಾಗಿ ಬಂದು ನೋಡಿಕೊಂಡು ಹೋದರು. ಬೆಳಿಗ್ಗೆ ದೊರೆಸಾನಿ ಮೆಲ್ಲನೆ ಕಟ್ಟು ಬಿಚ್ಚಿದಳು. ತಲೆ ನುಣ್ಣಗಿತ್ತು. ಗಾಯವಿಲ್ಲ, ಗೀರೂ ಇಲ್ಲ. ಅವಳು ತಲೆ ನೋಡಿದಳು, ನನ್ನನ್ನು ನೋಡಿದಳು.

ನನಗಿಂತ ಮೊದಲೇ ಅತ್ತೆ ಅಡುಗೆಮನೆಯಿಂದ ಕೂಗಿದರು: “ಅರಿಶಿನ ಹಚ್ಚಿದ್ವಿ ಅಂತ ಹೇಳೇ!”

ದುಭಾಷಿಯ ಕೆಲಸ ಅನುವಾದವಷ್ಟೇ. ಹೇಳಿದೆ.

ಮುಂದಿನ ವಾರ ಗಲಾಟೆ ತಣ್ಣಗಾಗಿ ಅಂಚೆ ಕಚೇರಿ ತೆರೆದ ಕೂಡಲೇ, ದೊರೆಸಾನಿ ಜರ್ಮನಿಯಲ್ಲಿ ದೊಡ್ಡ ಡಾಕ್ಟರಾಗಿದ್ದ ತನ್ನಣ್ಣನಿಗೆ ಎರಡು ಸೇರು ಅರಿಶಿನದ ಪುಡಿ ಪಾರ್ಸೆಲ್ ಮಾಡಿದಳು. ಅತ್ತೆ ಹೇಳಿದಂತೆ, ‘ಒಡೆದ ತಲೆಗೆ ಒಂದು ಚಮಚ, ರಾತ್ರಿ ಮಾತ್ರ’ ಎಂದು ಚೀಟಿ ಬರೆದುಕೊಟ್ಟವಳು ನಾನೇ.