ಸುರಪುರದ ಏರಿಗೆ ಲಾರಿ ಎಂಜಿನ್ನು

ಹೆಂಡತಿಯನ್ನು ಪ್ರತಿ ಸಲ ಕಾರಿನಲ್ಲೇ ತವರಿಗೆ ಹೊರಡಿಸಿ, ಪ್ರತಿ ಸಲ ನಡೆಸಿಕೊಂಡೇ ಮನೆ ಮುಟ್ಟಿಸಿದ ಗಂಡಸು ಯಾದಗಿರಿ ಜಿಲ್ಲೆಯಲ್ಲಿ ಒಬ್ಬರೇ. ಅವರು ನಮ್ಮ ಕಾಕಾ. ಜಗತ್ತಿನಲ್ಲೇ ಒಬ್ಬರು ಎನ್ನಬಹುದಿತ್ತು. ಆದರೆ ಜಗತ್ತು ದೊಡ್ಡದು, ಹಳೆಯ ಕಾರುಗಳೂ ಬಹಳ ಇವೆ.

ಕಾಕಾ ಇರುವುದು ಶಹಾಪುರದಲ್ಲಿ. ಕಾರು ನಮ್ಮಜ್ಜ ಹೈದರಾಬಾದಿನಿಂದ ತಂದ ಆರು ಸಿಲಿಂಡರಿನ ವಿಲಾಯತಿ ಗಾಡಿ. ಮುಂದಿನಿಂದ ಹಿಂದಿನವರೆಗೆ ನೋಡಿ ಮುಗಿಸಲು ನಡುವೆ ಒಮ್ಮೆ ಚಹಾ ಕುಡಿಯಬೇಕು, ಅಷ್ಟುದ್ದ! ಆರು ಸಿಲಿಂಡರ್ ಎಂದರೆ ಒಟ್ಟು ಕುಟುಂಬದ ಅಣ್ಣತಮ್ಮಂದಿರಿದ್ದಂತೆ. ಯಾವಾಗ ನೋಡಿದರೂ ಇಬ್ಬರು ಮುನಿಸಿಕೊಂಡು ಕೆಲಸ ಬಿಟ್ಟಿರುತ್ತಿದ್ದರು. ಸಪಾಟು ರಸ್ತೆಯಲ್ಲಿ ಉಳಿದವರು ಹೇಗೋ ಸಂಸಾರ ತೂಗಿಸುತ್ತಿದ್ದರು. ಆದರೆ ಕಾಕಾನ ಹೆಂಡತಿ, ನಮ್ಮ ಚಿಗವ್ವನ ತವರು ಸುರಪುರದ ಗುಡ್ಡದ ಓಣಿಯಲ್ಲಿ. ಏರು ಶುರುವಾದ ಕೂಡಲೇ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಕಾಕಾ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು, ಚಿಗವ್ವ ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಿದ್ದಳು. ಹೊಸ ಮದುಮಗಳಾಗಿ, ರೇಷ್ಮೆ ಸೀರೆಯಲ್ಲೂ ಅವಳು ಆ ಏರನ್ನು ನಡೆದೇ ಹತ್ತಿದವಳು.

ಮೇಲೆ ಬಾಗಿಲಲ್ಲಿ ಅವಳ ತಮ್ಮ ಕಾದಿರುತ್ತಿದ್ದ.

"ಯಕ್ಕಾ, ನಡಕೊಂಡು ಬಂದೀಯಲ್ಲ, ಹರಕಿ ಏನರ ಇತ್ತೇನು?"

ಹಿಂದೆ ಬೆವರೊರೆಸುತ್ತ ಬರುವ ಕಾಕಾನಿಗೆ ಬೇರೆ ಸ್ವಾಗತ. "ಬರ್ರಿ ಮಾವಾ. ನಿಮ್ಮ ಕಾರು ದೊಡ್ಡ ಮನಿದು ಬಿಡ್ರಿ, ನಮ್ಮಂಥವರ ಮನೀತನಕ ಬರಂಗಿಲ್ಲ."

ಬಸ್ಸಿನಲ್ಲಿ ಹೋಗಬಾರದಿತ್ತೇ ಎನ್ನುವಿರಿ. ನಾನೂ ಕೇಳಿದ್ದೆ. "ಬಸ್ಸಿನ್ಯಾಗ ಹೋದ್ರ ಸೋತಂಗ ಆಗತದ" ಎಂದರು.

ಹೋದ ವರ್ಷ ಆ ತಮ್ಮನ ಸಕ್ಕರೆ ಕಾಯಿಲೆ ಕಣ್ಣಿಗೇರಿತು. ದೃಷ್ಟಿ ಉಳಿಯುವುದು ಕಷ್ಟ ಎಂದರು ಡಾಕ್ಟರು. ಸುದ್ದಿ ಬಂದ ದಿನ ಕಾಕಾ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಎದ್ದವರೇ, "ಅಂವಗ ಕಣ್ಣು ಇರೂದ್ರಾಗ ಅವರಕ್ಕನ್ನ ಕಾರಿನ್ಯಾಗ ಕುಂದರಿಸಿ ಅವನ ಬಾಗಿಲಿಗಿ ಒಯ್ದು ತೋರಸಬೇಕು" ಎಂದು ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಯಾದಗಿರಿಯ ಗ್ಯಾರೇಜಿಗೆ ಹೊರಟರು.

ಅಲ್ಲಿ ಅರಳೆ ಹೊರುತ್ತಿದ್ದ ಒಂದು ಲಾರಿ ಗುಜರಿಗೆ ಬಂದಿತ್ತು. ಮೈಯೆಲ್ಲ ತುಕ್ಕು, ಎಂಜಿನ್ ಮಾತ್ರ ಗಟ್ಟಿ. ಕಾಕಾನ ಕಣ್ಣು ಅದರ ಮೇಲೆ ಬಿತ್ತು. ಮಿಸ್ತ್ರಿ ಎಂಜಿನ್ನನ್ನೂ ಕಾರನ್ನೂ ಮತ್ತೆ ಮತ್ತೆ ನೋಡಿ ತಲೆ ಕೆರೆದುಕೊಂಡ.

"ಸಾಬ್, ಇದು ಗಾಡಿಗಿ ಎಂಜಿನ್ ಕುಂದರ್ಸೋದಲ್ಲ, ಎಂಜಿನ್‌ಗಿ ಗಾಡಿ ತೊಡಸೋದು."

"ತೊಡಸು ಮಿಸ್ತ್ರಿ. ಅಂಗಿ ಬಿಗಿ ಆದ್ರ ಗುಂಡಿ ಬಿಚ್ಚೂಣು."

ಗುಂಡಿ ಬಿಚ್ಚುವುದೆಂದರೆ ಬಾನೆಟ್ಟಿನ ನಡುವೆ ದೊಡ್ಡ ತೂತು ಕೊರೆಯುವುದು! ಎಂಜಿನ್ ಕುಳಿತ ದಿನ ಕಾರಿನ ಮೂತಿ ನೆಲ ಮೂಸಿತು. ಸ್ಪ್ರಿಂಗ್ ಬದಲಾಯಿತು, ಗೇರ್‌ಬಾಕ್ಸ್ ಬದಲಾಯಿತು, ಬ್ರೇಕೂ ಬದಲಾಯಿತು. ತಿಂಗಳುಗಳು ಉರುಳಿದವು. ಮೊದಲ ಸಲ ಶಹಾಪುರದ ಕಡೆ ತಂದಾಗ, ಊರ ಹೊರಗೆ ಎಮ್ಮೆಗಳು ಲಾರಿ ಬಂತೆಂದು ಗಡಬಡಿಸಿ ದಾರಿ ಬಿಟ್ಟವು. ತಿರುಗಿ ನೋಡಿ, ಮೋಸ ಹೋದವರಂತೆ ನಿಂತುಬಿಟ್ಟವು.

ಕೊನೆಗೂ ಆ ದಿನ ಬಂತು. ಮುಂದಿನ ಭಾರಕ್ಕೆ ಸಮ ಮಾಡಲು ಡಿಕ್ಕಿಯಲ್ಲಿ ಜೋಳದ ಚೀಲಗಳು, ಹಿಂದಿನ ಸೀಟಿನಲ್ಲಿ ನಾನು. "ನಿನ್ನ ಮೈ ಇವತ್ತರ ಕೆಲಸಕ್ಕ ಬರಲಿ" ಎಂದು ಕಾಕಾ ಕೂರಿಸಿದ್ದರು. ಏರಿನ ಬುಡ ಬಂದಾಗ ಚಿಗವ್ವ ಅಭ್ಯಾಸಬಲದಿಂದ ಬಾಗಿಲಿಗೆ ಕೈ ಹಾಕಿದಳು.

"ಕೈ ತಗಿ" ಎಂದರು ಕಾಕಾ.

ಗೇರು ಬಿತ್ತು. ಎಂಜಿನ್ ಗುಡುಗಿತು. ಮುಂದಿದ್ದ ಆಟೋ ಹೆದರಿ ಪಕ್ಕಕ್ಕೆ ಸರಿಯಿತು, ಕಿಟಕಿಗಳಲ್ಲಿ ಮುಖಗಳು ಮೂಡಿದವು. ಕಲ್ಲು ಕೊಡುವ ಜಾಗ ಹಿಂದೆ ಬಿತ್ತು, ಚಿಗವ್ವ ದಣಿವಾರಿಸಿಕೊಳ್ಳುವ ತಿರುವೂ ಹಿಂದೆ ಬಿತ್ತು. ಮೈಯೆಲ್ಲ ನಡುಗುತ್ತ, ಹೊಗೆ ಕಾರುತ್ತ, ಆ ಕಾರು ಏರನ್ನು ಹತ್ತೇಬಿಟ್ಟಿತು! ಕಾಕಾನ ಮೀಸೆ ಕಿವಿ ಮುಟ್ಟಿತ್ತು.

ಬಾಗಿಲ ಮುಂದೆಯೇ ನಿಲ್ಲಿಸಿ, ಎಂಜಿನ್ ಆರಿಸದೆ ಇಳಿದರು. ಚಿಗವ್ವನ ತಮ್ಮ ಕಟ್ಟೆಯ ಮೇಲೆ ನಿಂತಿದ್ದ.

"ನೋಡು ತಮ್ಮಾ. ನಿಮ್ಮಕ್ಕ ಎಲ್ಲಿ ಕುಂತಾಳ ನೋಡು."

ಆತ ಎದುರಿನ ಗೋಡೆಯ ಕಡೆಗೇ ಮುಖ ಮಾಡಿದ್ದ. ಅವನ ಹೆಂಡತಿ ಮೆಲ್ಲಗೆ ಹೇಳಿದಳು: "ಅಣ್ಣಾರ, ಹೋದ ತಿಂಗಳಿಂದ ಅವರಿಗಿ ಏನೂ ಕಾಣವಲ್ದು. ಯಾರಿಗೂ ಹೇಳಬ್ಯಾಡ ಅಂದಾರ."

ಕಾಕಾ ಕಾರಿನತ್ತ ಎತ್ತಿದ್ದ ಕೈಯನ್ನು ಇಳಿಸಿದರು. ಇಷ್ಟೆಲ್ಲ ಮಾಡಿಯೂ ತಡವಾಗಿತ್ತು.

"ಮಾವಾ," ಎಂದ ಆತ. "ಏರಿನ ಬುಡದಿಂದ ಕೇಳಾಕತ್ತೀನಿ. ಎಲ್ಲೂ ನಿಂದರಲಿಲ್ಲ."

ಕಟ್ಟೆ ಇಳಿದು, ಕಾರಿನ ಮೈ ತಡವುತ್ತ ಬಂದು, ಕಿಟಕಿಯೊಳಗೆ ಕೈ ಚಾಚಿದ. ಕುಳಿತೇ ಇದ್ದ ಅಕ್ಕನ ತಲೆ ಕೈಗೆ ಸಿಕ್ಕಿತು. ಚಿಗವ್ವ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ.

"ಯಕ್ಕಾ, ಅತ್ತಾಗ ಸರಿ. ನಾನೂ ಕೂಡ್ತೀನಿ," ಎಂದು ಆತ ಬಾಗಿಲು ತೆಗೆದ. "ಮಾವಾ, ಇನ್ನೊಮ್ಮಿ ಹತ್ತಸ್ರಿ."

ಕಾಕಾ ಕಣ್ಣೊರೆಸಿಕೊಂಡು ಕಾರು ತಿರುಗಿಸಿದರು.