ದೊಡ್ಡಪ್ಪನ ಕೊಬ್ಬರಿ ವೈದ್ಯ

ನಮ್ಮ ದೊಡ್ಡಪ್ಪ ತಮ್ಮನ್ನು ತಾವು ಒಂದು ಕೊಬ್ಬರಿ ಎಂದೇ ತಿಳಿದಿದ್ದರು. ನಿಮಗೆ ನಗು ಬರಬಹುದು. ಅವರ ಜೊತೆ ಒಂದೇ ಮನೆಯಲ್ಲಿ ಬಾಳಿದ ನನಗೆ ಆಗಲೇ ನಗುವುದಕ್ಕೂ ಸಾಕಾಗಿ ಹೋಗಿತ್ತು.

ಬಿಳಿಗೆರೆಯ ನಮ್ಮ ಮನೆಯಲ್ಲಿ ಒಲೆಯ ಮೇಲುಗಡೆಯೇ ಅಟ್ಟ. ತೆಂಗಿನಕಾಯಿ ಅಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕೂತಿರಬೇಕು. ಒಳಗಿನ ನೀರೆಲ್ಲ ಇಂಗಿ, ಅಲುಗಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನಬೇಕು. ನೀರು ನಿಂತ ಕಾಯಿ ಕೊಳೆಯುತ್ತದೆ, ಹೊಗೆ ಕುಡಿದ ಕಾಯಿ ಕೆಡುವುದಿಲ್ಲ. ಇದು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಆದರೆ ಇದನ್ನು ಮನುಷ್ಯನ ಮೈಗೂ ಅನ್ವಯಿಸಿದವರು ದೊಡ್ಡಪ್ಪ ಒಬ್ಬರೇ. ಅದಕ್ಕೇ ಅವರು ನೀರು ಕುಡಿಯುತ್ತಿರಲಿಲ್ಲ, ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು.

"ಉಣ್ಣುವಾಗ್ಲಾದ್ರೂ ಒಂದ್ ಲೋಟ ಕುಡೀರಿ" ಎಂದು ದೊಡ್ಡಮ್ಮ ಗೋಗರೆಯುತ್ತಿದ್ದರು.

"ಕೊಳ್ತೋಯ್ತೀನಿ ಕಣೇ."

"ಹಂಗಾದ್ರೆ ಅಟ್ಟದ ಮೇಲೇ ಹೋಗಿ ಮಲಕ್ಕಳಿ."

ದೊಡ್ಡಪ್ಪ ಊಟ ಮುಗಿಸಿ ಏಣಿ ಎಲ್ಲಿದೆ ಎಂದು ಕೇಳಿದರು. ತಡೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು.

ನನಗೆ ಇಪ್ಪತ್ತು ತುಂಬಿದ ವರ್ಷ ತೋಟದಲ್ಲಿ ಕರೆದು, ತಮ್ಮ ಬೀಡಿಯ ಕೆಂಡದಿಂದ ಇನ್ನೊಂದು ಬೀಡಿ ಹಚ್ಚಿ ನನ್ನ ಕೈಗಿಟ್ಟರು. "ತಗಳ್ಲಾ, ನೀನೂ ಒಸಿ ಒಣಗು" ಅಂದರು. ದೊಡ್ಡವರ ಮಾತು ಮೀರಬಾರದಲ್ಲ, ಹತ್ತು ವರ್ಷ ಒಣಗಿದೆ.

ಎಂಬತ್ತರ ದಶಕದ ಶುರುವಿನಲ್ಲಿ ಒಂದು ಬೆಳಿಗ್ಗೆ, ಅವರು ಮೂತ್ರಕ್ಕೆ ಕೂತು ಎದ್ದು ಬಂದ ತೆಂಗಿನ ಬುಡದಲ್ಲಿ ಮಣ್ಣು ಕೆಂಪಗಿತ್ತು. ಕೇಳಿದರೆ "ಉಷ್ಣ ಕಣ್ಲಾ. ನಮ್ಮಪ್ಪಂಗೂ ಹಿಂಗೇ ಆಗಿತ್ತು" ಅಂದರು. ಹೇಳಿದ ಠೀವಿ ನೋಡಿದರೆ ತಂದೆಯ ಆಸ್ತಿಯಲ್ಲಿ ಪಾಲು ಬಂದ ಹಾಗಿತ್ತು! ತಿಪಟೂರಿಗೆ ಹೊರಡಿಸಲು ಮೂರು ದಿನ ಹಿಡಿಯಿತು. ಎರಡು ಸಲ ಬಸ್ಸು ಹತ್ತಿ, ಬೀಡಿ ಮರೆತೆ ಎಂದು ಇಳಿದುಬಿಟ್ಟರು.

ತಿಪಟೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು, ಅಲ್ಲಿಯವರು ಪರೀಕ್ಷೆ ಮಾಡಿ ಮೂತ್ರಕೋಶದ ಕ್ಯಾನ್ಸರ್ ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ಮತ್ತೆ ತಿಪಟೂರಿನ ಡಾಕ್ಟರ ಮುಂದೆ ಕೂತೆವು.

"ಮೊದಲು ಬೀಡಿ ಬಿಡಿ" ಅಂದರು ಡಾಕ್ಟರು.

"ಬೀಡಿ ಏನ್ ಮಾಡ್ತು ಸ್ವಾಮಿ? ಇದು ನಮ್ಮ ವಂಶದ್ದು. ನಮ್ಮಪ್ಪನೂ ಇದ್ರಲ್ಲೇ ಹೋಗಿದ್ದು."

"ವಂಶದ್ದೂ ಸ್ವಲ್ಪ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ದೊಡ್ಡ ಪಾಲು ಹೊಗೇದು. ಅದರ ವಿಷ ರಕ್ತಕ್ಕೆ ಸೇರಿ, ಕೊನೆಗೆ ಮೂತ್ರದ ಚೀಲದಲ್ಲಿ ಬಂದು ನಿಲ್ಲುತ್ತೆ. ನೀವು ನೀರೂ ಕುಡಿಯಲ್ಲ, ಅದು ಅಲ್ಲೇ ಕೂತಿರುತ್ತೆ. ನಿಮ್ಮ ತಂದೆ ಸೇದ್ತಿದ್ರಾ?"

"ಸೇದ್ತಿದ್ರಾ ಅಂದ್ರೆ? ನಂಗೆ ಮೊದಲ್ನೇ ಬೀಡಿ ಹಚ್ಚಿಕೊಟ್ಟೋರೇ ಅವ್ರು."

ಹಾಗೆ ಹೇಳಿದ ದೊಡ್ಡಪ್ಪ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು, ಆಮೇಲೆ ನನ್ನ ಅಂಗಿಯ ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ನೋಡಿದರು.

"ಸ್ವಾಮಿ, ಇವ್ನು ನನ್ ತಮ್ಮನ ಮಗ. ಅದೇ ರಕ್ತ. ಇವ್ನಿಗೆ ಹಚ್ಚಿಕೊಟ್ಟೋನು ನಾನು. ಇವ್ನಿಗೂ ಬತ್ತದಾ?"

ದೊಡ್ಡಪ್ಪನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ವರ್ಷ ಅವರ ಮೇಲೆ ಗೊಣಗಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

"ಈಗಲೇ ಬಿಟ್ಟರೆ ಅಪಾಯ ಕಡಿಮೆಯಾಗ್ತಾ ಹೋಗುತ್ತೆ" ಅಂದರು ಡಾಕ್ಟರು.

ಹೊರಗೆ ಬಂದವರೇ ದೊಡ್ಡಪ್ಪ ನನ್ನ ಕಟ್ಟು, ತಮ್ಮ ಕಟ್ಟು ಎರಡನ್ನೂ ಚರಂಡಿಗೆ ಎಸೆದರು. ಆಸ್ಪತ್ರೆ ಜಗಲಿಯ ಮಡಕೆಯಿಂದ ಒಂದು ಲೋಟ ನೀರು ತೆಗೆದು, ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಅರ್ಧ ಕುಡಿದರು. ಉಳಿದದ್ದನ್ನು ನನಗೆ ಕೊಟ್ಟರು.

ಆಮೇಲೆ ಎರಡು ವರ್ಷ ಇದ್ದರು. ದಿನಾ ಬೆಳಿಗ್ಗೆ ಚೊಂಬಿನಲ್ಲಿ ನೀರು ತಂದು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಮೈಯಲ್ಲಿ ಶಕ್ತಿಯಿಲ್ಲದಾಗ ಗೋಡೆ ಹಿಡಿದು ಬರುತ್ತಿದ್ದರು. ಒಂದು ದಿನ ನನಗೂ ರೇಗಿತು.

"ಸಾಕು ಬುಡಿ ದೊಡ್ಡಪ್ಪ, ನಾನೇನು ಎಮ್ಮೆನಾ?"

"ಕುಡೀಲಾ" ಅಂದರು. "ಒಣಗೋಕೆ ನಾನೊಬ್ಬ ಸಾಕು."