ಮಾವನ ಅಕ್ಕಪಕ್ಕದವರು

ನಮ್ಮ ಅತ್ತೆಗೆ ಬಳ್ಳಾರಿಯಲ್ಲಿ ಬದುಕಿರುವವರಿಗಿಂತ ಸತ್ತವರ ಪರಿಚಯವೇ ಹೆಚ್ಚು. ನಂಬುವುದಿಲ್ಲವೇ? ಹಾಗಾದರೆ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿರುವ ಆಕೆಯ ಮನೆಗೆ ಒಮ್ಮೆ ಹೋಗಿ ಬನ್ನಿ. ಮೊದಲು ಚಹಾ ಕೊಡುತ್ತಾಳೆ. ನೀವು ಲೋಟ ಕೆಳಗಿಡುವಷ್ಟರಲ್ಲಿ ಅಲಮಾರದ ಬಾಗಿಲು ತೆಗೆದು, ಸತ್ತವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆತಂದು ನಿಮ್ಮ ತೊಡೆಯ ಮೇಲೆ ಕೂರಿಸುತ್ತಾಳೆ! ಗಾಬರಿ ಬೇಡ. ಅವರೆಲ್ಲ ಹಳೆಯ ಪತ್ರಿಕೆಗಳ ನಿಧನ ವಾರ್ತೆಯಿಂದ ಕತ್ತರಿಸಿದವರು. ಹೊಸ ಅಂಗಿಯ ಪ್ಯಾಕೆಟ್ಟಿನೊಳಗೆ ಬೆನ್ನಿಗೆ ಒಂದು ರಟ್ಟು ಇರುತ್ತದಲ್ಲ, ಅದರ ಮೇಲೆ ಮೈದಾ ಅಂಟು ಹಚ್ಚಿ ಒಬ್ಬೊಬ್ಬರನ್ನೂ ಸುಕ್ಕಿಲ್ಲದಂತೆ ಅಂಟಿಸಿದ್ದಾಳೆ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮಕ್ಕಳಿಲ್ಲ. ಮಾವ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದರು. ರಟ್ಟು ಈಗಲೂ ಬರುವುದು ಅದೇ ಅಂಗಡಿಯಿಂದ. ಮಾವ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ನಾನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಬಸ್ಸು ಹತ್ತಿ ಅತ್ತೆಯನ್ನು ನೋಡಿಕೊಂಡು ಹೋಗಲು ಬರುತ್ತೇನೆ. ನೋಡಿಕೊಂಡು ಹೋಗುವುದೆಂದು ಬಾಯಲ್ಲಿ ಹೇಳುತ್ತೇನೆ ಅಷ್ಟೇ. ನಿಜವಾಗಿ ಬರುವುದು ಆ ವಾರ ಯಾರ್‍ಯಾರು ಹೋದರು ಎಂದು ಕೇಳಿಸಿಕೊಳ್ಳಲು.

ಹಾಗಂತ ಆಕೆ ಸತ್ತವರನ್ನೆಲ್ಲ ಕತ್ತರಿಸುತ್ತಾಳೆ ಎಂದುಕೊಳ್ಳಬೇಡಿ. ನಮ್ಮ ಸಮಾಜದ ರುದ್ರಭೂಮಿಯಲ್ಲಿ ಮಣ್ಣಾದವರಿಗೆ ಮಾತ್ರ ಅಲಮಾರದಲ್ಲಿ ಜಾಗ. ಸುಟ್ಟವರಿಗಿಲ್ಲ, ಬೇರೆ ಊರಿನಲ್ಲಿ ಹೂಳಿದವರಿಗಿಲ್ಲ. ಒಮ್ಮೆ ರಾಜ್ಯಕ್ಕೇ ದೊಡ್ಡವರೊಬ್ಬರು ತೀರಿಕೊಂಡು ಪತ್ರಿಕೆಯ ಮುಖಪುಟದ ತುಂಬ ಅವರೇ ಇದ್ದರು. ಅತ್ತೆ ಆ ಪುಟವನ್ನು ಮಡಚಿ ಮೆಣಸಿನಕಾಯಿ ಒಣಹಾಕಲು ಒಯ್ದಳು.

“ಅತ್ತಿ, ಎಷ್ಟು ದೊಡ್ಡ ಮನುಷ್ಯಾರು ಅವರು!” ಅಂದೆ.

“ದೊಡ್ಡೋರ ಇರ್ಬೋದು, ಯಾರು ಇಲ್ಲ ಅಂದ್ರು? ನಮ್ಮ ಓಣ್ಯಾಗ ಇಲ್ಲಲ್ಲ,” ಅಂದಳು.

ಹೊಸ ಪತ್ರಿಕೆಯನ್ನು ಕತ್ತರಿಸುವುದು ಸುಲಭ. ಕಷ್ಟವಿರುವುದು ಹಳಬರನ್ನು ಹುಡುಕುವುದರಲ್ಲಿ. ರದ್ದಿ ಅಂಗಡಿಯವನು ಆಕೆಯನ್ನು ದೂರದಲ್ಲಿ ಕಂಡರೆ ಶಟರ್ ಅರ್ಧ ಇಳಿಸುತ್ತಾನೆ. ಇನ್ನು ಮಿರ್ಚಿ ಅಂಗಡಿಯ ಕಥೆ ಕೇಳಿ. ಒಂದು ಸಂಜೆ ನಾವಿಬ್ಬರೂ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ ತಿನ್ನುತ್ತಾ ನಿಂತಿದ್ದೆವು. ಅತ್ತೆಯ ಕಣ್ಣು ಪಕ್ಕದ ಗಿರಾಕಿಯ ಕೈಯಲ್ಲಿದ್ದ ಹಾಳೆಯ ಮೇಲೆ ಬಿತ್ತು. ಎರಡು ಮಿರ್ಚಿಗಳ ನಡುವೆ ಪೇಟ ಸುತ್ತಿದ ಒಬ್ಬ ಮುದುಕರು ಇಣುಕುತ್ತಿದ್ದರು!

“ತಮ್ಮಾ, ಸ್ವಲ್ಪ ಲಗೂನ ತಿನ್ನು. ನಿನ್ನ ಮಿರ್ಚಿ ಕೆಳಗ ನಮ್ಮ ಓಣಿ ಗೌಡ್ರು ಅದಾರ,” ಅಂದಳು.

ಆ ಮನುಷ್ಯ ಕೆಳಗೆ ನೋಡಿದ, ಅತ್ತೆಯನ್ನು ನೋಡಿದ, ಹಾಳೆಯನ್ನು ಮಿರ್ಚಿ ಸಮೇತ ಆಕೆಯ ಕೈಗಿಟ್ಟು ಹೊರಟೇಹೋದ. ಗೌಡರ ಎಡಗೆನ್ನೆಯ ಮೇಲೆ ಎಣ್ಣೆಯ ಕಲೆ ಈಗಲೂ ಇದೆ. ಮಿರ್ಚಿಗಳನ್ನು ನಾನೇ ತಿಂದೆ, ಚೆನ್ನಾಗಿದ್ದವು.

ಸುಮ್ಮನೆ ಹೇಳುವುದಲ್ಲ, ಅವತ್ತು ಬಸ್ಸಿನಲ್ಲಿ ವಾಪಸ್ಸು ಹೋಗುವಾಗ ನನಗೆ ಗೌಡರದೇ ಯೋಚನೆ. ಒಬ್ಬ ಮನುಷ್ಯ ಎಂಬತ್ತು ವರ್ಷ ಬಾಳುತ್ತಾನೆ, ಹೊಲ ಉಳುತ್ತಾನೆ, ಮಕ್ಕಳ ಮದುವೆ ಮಾಡುತ್ತಾನೆ, ಪಂಚಾಯಿತಿ ಸೇರಿಸುತ್ತಾನೆ. ಕೊನೆಗೆ ಪತ್ರಿಕೆಯಲ್ಲಿ ಒಂದು ಬೆರಳುದ್ದದ ಸುದ್ದಿಯಾಗುತ್ತಾನೆ. ಮರುವಾರ ಅದರ ಮೇಲೆ ಬಿಸಿ ಮಿರ್ಚಿ ಬೀಳುತ್ತದೆ. ನಮ್ಮೆಲ್ಲರ ದಾರಿಯೂ ಅದೇ ತಾನೇ? ಆ ದಾರಿಯಲ್ಲಿ ಅಡ್ಡ ನಿಂತು ಕೈ ಚಾಚುವವಳು ಇಡೀ ಊರಿಗೆ ನಮ್ಮ ಅತ್ತೆಯೊಬ್ಬಳೇ.

ಆಕೆಯ ಕಾಳಜಿ ಸತ್ತವರಿಗಷ್ಟೇ ಮೀಸಲಲ್ಲ, ಸಾಯಲಿರುವವರ ಬಗ್ಗೆಯೂ ಇದೆ. ಕುರುಗೋಡಿನಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಹೆಸರಿಡುವ ಕಾರ್ಯಕ್ರಮ. ಹಿರಿಯರೊಬ್ಬರು ಹೋಳಿಗೆ ಮುರಿಯುತ್ತಾ ಮಂಡಿನೋವಿನ ವಿಷಯ ತೆಗೆದರು. ಅತ್ತೆ ಅವರ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು.

“ನೀವೇನು ನಮ್ಮ ಕಡಿ ಬರೋರಲ್ಲ, ನಿಮ್ಮದೆಲ್ಲ ಕುರುಗೋಡಿನಾಗ. ಆದ್ರೂ ಹೇಳ್ತೀನ್ರಿ, ಚೊಲೊ ಫೋಟೋ ಒಂದು ತೆಗಿಸಿಡ್ರಿ. ಇಲ್ಲಾಂದ್ರ ಮಕ್ಳು ಗಡಿಬಿಡ್ಯಾಗ ಆಧಾರ್ ಕಾರ್ಡಿಂದ ಕೊಟ್ಟುಬಿಡ್ತಾರ. ಆಮ್ಯಾಲೆ ಹೆಂಡ್ತಿಗೂ ಗುರ್ತು ಸಿಗಂಗಿಲ್ಲ!”

ಹೋಳಿಗೆ ಹಿರಿಯರ ಕೈಯಲ್ಲೇ ಉಳಿಯಿತು. ನಾನು ಹಪ್ಪಳ ಬಡಿಸಲು ಎದ್ದು ಹೋದೆ. ಆದರೆ ಆದದ್ದೇನು ಗೊತ್ತೇ? ಮುಂದಿನ ತಿಂಗಳು ಆ ಹಿರಿಯರು ರೇಷ್ಮೆ ಪೇಟ ಸುತ್ತಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಅತ್ತೆಯ ಮನೆಗೆ ಬಂತು. ‘ಇದು ನಡೆಯುತ್ತದೆಯೋ ಹೇಗೆ ತಿಳಿಸಬೇಕು’ ಎಂದು ಹೇಳಿ ಕಳಿಸಿದ್ದರು.

ಇದೆಲ್ಲ ಯಾಕೆ ಎಂದು ನಾನು ಬಹಳ ದಿನ ಕೇಳಿರಲಿಲ್ಲ. ವಯಸ್ಸಾದವರಿಗೆ ಏನೋ ಒಂದು ಹುಚ್ಚು ಎಂದುಕೊಂಡಿದ್ದೆ. ಒಂದು ಭಾನುವಾರ ಕೇಳಿಯೇಬಿಟ್ಟೆ. ಅತ್ತೆ ನನ್ನನ್ನೇ ವಿಚಿತ್ರ ಪ್ರಾಣಿಯಂತೆ ನೋಡಿದಳು.

“ನಿಮ್ಮ ಮಾಮ ಹೊಸ ಓಣಿಗೆ ಹೋಗ್ಯಾರ. ಅಕ್ಕಪಕ್ಕ ಯಾರದಾರ, ಎಂಥೋರು ಅಂತ ನನಗ ಗೊತ್ತಾಗಬ್ಯಾಡೇನು? ನೀ ಸಿರುಗುಪ್ಪದಾಗ ಮನಿ ಹಿಡಿಯೋವಾಗ ಕೇಳಲಿಲ್ಲೇನು?”

ಮಾವ ಮಾತಿನ ಮಲ್ಲ. ಅಂಗಡಿಯಲ್ಲಿ ಒಂದು ಸೀರೆ ತೋರಿಸುವಷ್ಟರಲ್ಲಿ ಗಿರಾಕಿಯ ತವರುಮನೆಯ ಕಥೆಯನ್ನೆಲ್ಲ ಹೊರಡಿಸುತ್ತಿದ್ದವರು. ಅಂಥವರು ಮಾತಿಲ್ಲದೆ ಮಲಗಿದ್ದಾರೆ ಎಂಬುದು ಅತ್ತೆಗೆ ತಡೆಯಲಾಗದ ಸಂಕಟ. ಹಾಗಾಗಿ ಹೊಸಬರು ಯಾರಾದರೂ ಹತ್ತಿರದಲ್ಲಿ ಮಣ್ಣಾದರೆ, ಅವರ ರಟ್ಟನ್ನು ಹಿಡಿದುಕೊಂಡು ಹೋಗಿ, ಸಮಾಧಿಯ ಮುಂದೆ ಕೂತು, ಮಾವನಿಗೆ ಓದಿ ಹೇಳಿ, ಪರಿಚಯ ಮಾಡಿಸಿ ಬರುತ್ತಾಳೆ.

ಇದರಲ್ಲಿ ಒಮ್ಮೆ ದೊಡ್ಡ ಎಡವಟ್ಟೂ ಆಯಿತು. ಮಾವನ ಎಡಗಡೆ ಒಬ್ಬರು ಮಣ್ಣಾದರು. ಅತ್ತೆ ಅವತ್ತು ಊರಲ್ಲಿರಲಿಲ್ಲ. ಹೂಳುವ ಕುಣಿ ತೆಗೆಯುವವನು ಸತ್ತವರ ಹೆಸರು ಎರ್ರಿಸ್ವಾಮಿ ಎಂದು ಹೇಳಿದ. ನಮ್ಮ ಕಡೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಎರ್ರಿಸ್ವಾಮಿ’ ಎಂದು ಕೂಗಿ ನೋಡಿ, ಅರ್ಧ ಜನ ತಿರುಗಿ ‘ಏನ್ರಿ?’ ಅನ್ನುತ್ತಾರೆ! ಆ ವಾರದ ಪತ್ರಿಕೆಯಲ್ಲಿ ಅತ್ತೆಗೆ ಸಿಕ್ಕ ಎರ್ರಿಸ್ವಾಮಿ ಭಜನೆ ಹಾಡುವವರು. ಆಕೆಗೆ ಸಂತೋಷವೋ ಸಂತೋಷ. ‘ಹಾಡೋರು ಬಂದಾರ್ರಿ, ಇನ್ನ ನಿಮಗ ಬ್ಯಾಸ್ರ ಇಲ್ಲ ಬಿಡ್ರಿ’ ಎಂದು ಮಾವನಿಗೆ ಹೇಳಿ, ಎಡಗಡೆಗೂ ಕೈಮುಗಿದು, ‘ಸಂಜಿಗೆ ಒಂದೆರಡು ಪದ ಹೇಳ್ರಿ’ ಎಂದು ವಿನಂತಿಸಿಕೊಂಡು ಬಂದಳು. ವರ್ಷದ ಪೂಜೆಗೆ ಆ ಸಮಾಧಿಯವರ ಹೆಂಡತಿ ಬಂದಾಗ ಗುಟ್ಟು ಬಯಲಾಯಿತು. ಭಜನೆಯ ಎರ್ರಿಸ್ವಾಮಿ ಮಣ್ಣಾದದ್ದು ಸಿರುಗುಪ್ಪದಲ್ಲಿ. ಇಲ್ಲಿರುವವರು ಓಣಿಗೆ ನಲ್ಲಿ ನೀರು ಬಿಡುತ್ತಿದ್ದ ಎರ್ರಿಸ್ವಾಮಿ! ನೀರಿಗಾಗಿ ಅತ್ತೆ ಹೆಸರೂ ಕೇಳದೆ ಜೀವಮಾನವಿಡೀ ಬೈದದ್ದು ಇವರನ್ನೇ.

ಅತ್ತೆ ಮರುದಿನವೇ ಹೋಗಿ ಮಾವನಿಗೆ ವರದಿ ಒಪ್ಪಿಸಿದಳು. “ತಪ್ಪಾತ್ರಿ. ಇವರಿಗೆ ಹಾಡಾಕ ಬರಂಗಿಲ್ಲಂತ. ನೀರು ಬಿಡೋರಂತ. ಈಗರ ಟೈಮಿಗೆ ಸರಿಯಾಗಿ ಬಿಡ್ತಾರೇನು, ಸ್ವಲ್ಪ ಕೇಳಿ ನೋಡ್ರಿ!”

ಹೀಗೆ ಎಡಗಡೆ ನೀರಿನವರಾದರು, ತಲೆಯ ಹಿಂದೆ ನಿವೃತ್ತ ಹೆಡ್‌ಮಾಸ್ತರರು. ಬಲಗಡೆ ಮಾತ್ರ ಖಾಲಿ. ಆ ಸಾಲಿನಲ್ಲಿ ಉಳಿದಿದ್ದ ಒಂದೇ ಜಾಗ ಅದು. ರುದ್ರಭೂಮಿಯ ಸಮಿತಿಯವರು ಯಾರಿಗೂ ಜಾಗ ಹಿಡಿದಿಡುವುದಿಲ್ಲ, ಬಂದವರಿಗೆ ಬಂದ ಹಾಗೆ. ಅತ್ತೆ ಏನು ಮಾಡಿದಳು? ಅಲ್ಲೊಂದು ಕಡಪಾ ಕಲ್ಲು ಹಾಕಿಸಿ, ‘ಕುಂದ್ರಾಕ’ ಅಂದಳು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುತ್ತೇವಲ್ಲ, ಹಾಗೆ. ಅದು ಯಾರ ಜಾಗ ಎಂದು ಎಲ್ಲರಿಗೂ ಗೊತ್ತಿತ್ತು. ಸಮಿತಿಯ ಹಿರಿಯರು ಒಮ್ಮೆ ಕಲ್ಲಿನ ವಿಷಯ ಎತ್ತಿದಾಗ, ಅತ್ತೆ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ತೆಗೀರಿ ನೋಡೂಣು” ಅಂದಿದ್ದಳಂತೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನಾನು ಆಕೆಯನ್ನು ಎಷ್ಟೇ ಗೇಲಿ ಮಾಡಲಿ, ಆ ಕಲ್ಲಿನ ವಿಷಯದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆಕೆಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ.

ರುದ್ರಭೂಮಿಯ ಗೇಟಿನಲ್ಲಿ ಹಂಪಮ್ಮ ಎಂಬಾಕೆ ಹೂವು ಮಾರುತ್ತಿದ್ದಳು. ಕುರುಗೋಡಿನ ಕಡೆಯವಳು, ನಮ್ಮ ಸಮಾಜದವಳೇ. ಗಂಡ ಬಿಟ್ಟುಹೋಗಿದ್ದ, ಹಿಂದೆ ಮುಂದೆ ಯಾರೂ ಇರಲಿಲ್ಲ. ಆಕೆಗೂ ಅತ್ತೆಗೂ ಪ್ರತಿ ಸೋಮವಾರ ತಪ್ಪದೆ ಜಗಳ. ಹೂವು ಅಳೆಯುವುದು ಮೊಳದ ಲೆಕ್ಕದಲ್ಲಿ, ಹಂಪಮ್ಮನ ಕೈಯೋ ಗಿಡ್ಡ!

“ಇದೇನು ಮೊಳಾನೋ ಗೇಣೋ? ನನ್ನ ಕೈಲೆ ಅಳಿ!”

“ನಿನ್ನ ಕೈಲೆ ಅಳದ್ರ ನಾ ಮನಿಗೆ ಹೋದಂಗ! ಬೇಕಾದ್ರ ತಗೋ, ಇಲ್ಲಂದ್ರ ಬಿಡು ನಮ್ಮವ್ವಾ!”

ಕೊನೆಗೆ ಅತ್ತೆ ತೆಗೆದುಕೊಳ್ಳುವುದು ಆಕೆಯ ಹೂವನ್ನೇ. ಈ ಜಗಳ ಎಷ್ಟು ಸೊಗಸಾಗಿತ್ತೆಂದರೆ, ಒಮ್ಮೆ ರಜೆಯ ಸೋಮವಾರ ಜೊತೆಗೆ ಹೋಗಿ ನಾನು ಇಬ್ಬರನ್ನೂ ಮೊಬೈಲಿನಲ್ಲಿ ಫೋಟೋ ಹಿಡಿದಿದ್ದೆ.

ಕಳೆದ ಬೇಸಿಗೆಯಲ್ಲಿ ಹಂಪಮ್ಮ ಹೂವಿನ ಬುಟ್ಟಿಯ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅವತ್ತು ಭಾನುವಾರ, ನಾನೂ ಅತ್ತೆಯ ಜೊತೆ ಮಣ್ಣಿಗೆ ಹೋದೆ. ಕಾಯಿ, ಊದುಬತ್ತಿ ಮಾರುವ ನಾಲ್ಕು ಜನ ಬಿಟ್ಟರೆ ಯಾರೂ ಬಂದಿರಲಿಲ್ಲ. ಸಮಿತಿಯವರು ಹಿಂದಿನ ಜಾಲಿ ಪೊದೆಯ ಕಡೆ ಕುಣಿ ತೆಗೆಯಲು ಹೇಳಿದರು. ಹಗಲಲ್ಲೂ ನಾಯಿಗಳು ಓಡಾಡುವ ಜಾಗ ಅದು. ಅಲ್ಲಿ ಮಣ್ಣಾದವರ ಹತ್ತಿರ ಮರುವರ್ಷ ಹೋಗಬೇಕೆಂದರೂ ದಾರಿಯಿರುವುದಿಲ್ಲ.

ಅತ್ತೆ ಪೊದೆಯ ಕಡೆ ಒಮ್ಮೆ ನೋಡಿದಳು. ಮಾವನ ಸಮಾಧಿಯ ಹತ್ತಿರ ಹೋದಳು. ಆಮೇಲೆ ಕುಣಿ ತೆಗೆಯುವವನನ್ನು ಕೂಗಿದಳು.

“ಲೇ, ಆ ಕಡಪಾ ಕಲ್ಲು ಎತ್ತು. ಇಲ್ಲಿ ತೆಗಿ.”

ನಾನು ಅಡ್ಡ ಬಂದೆ. “ಅತ್ತಿ, ಅದು ನಿನ್ನ ಜಾಗ!”

“ನಾ ನಿಮ್ಮ ಮಾಮನ ಜೋಡಿ ಒಂದ ಮನ್ಯಾಗ ಒಂದು ಜನ್ಮ ಇದ್ದೀನಿ. ಆಕಿ ಯಾರ ಜೋಡೀನೂ ಇದ್ದಾಕಿ ಅಲ್ಲ,” ಅಂದಳು. ಮಾವನ ಕಡೆ ತಿರುಗಿ, “ಬಾಯಿ ಜೋರೈತ್ರಿ, ಮನಸು ಚೊಲೊ ಐತಿ. ನೋಡ್ಕೊಳ್ರಿ,” ಅಂದಳು.

ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಅತ್ತೆ, “ಪೇಪರಿನ್ಯಾಗ ಹಾಕ್ಸು” ಅಂದಳು. ಹಂಪಮ್ಮನದೆಂದು ಇದ್ದದ್ದು ನನ್ನ ಮೊಬೈಲಿನ ಆ ಜಗಳದ ಫೋಟೋ ಒಂದೇ. ಅತ್ತೆಯನ್ನು ಕತ್ತರಿಸಿ ತೆಗೆದೆ. ಎಷ್ಟು ಕತ್ತರಿಸಿದರೂ ಹಂಪಮ್ಮನ ಮೂಗಿನ ಮುಂದೆ ಚಾಚಿದ ಅತ್ತೆಯ ಬಳೆಗಳ ಕೈ ಮಾತ್ರ ಹಾಗೇ ಉಳಿಯಿತು.

“ಬರಕೋ. ಹೂವಿನ ಹಂಪಮ್ಮ. ಕುರುಗೋಡಿನಾಕಿ. ಮೊಳ ಸ್ವಲ್ಪ ಗಿಡ್ಡ, ಆದ್ರ ಬಾಡಿದ ಹೂವಾ ಒಂದಿನಾನೂ ಕೊಟ್ಟಾಕಿ ಅಲ್ಲ.”

“ಯಾರನ್ನ ಅಗಲಿದ್ದಾರ ಅಂತ ಬರೀಬೇಕು ಅತ್ತಿ.”

“ಜಗಳಾಡಾಕ ಒಬ್ಬಾಕಿ ಇದ್ಲು, ಆಕೀನ ಅಗಲ್ಯಾಳ ಅಂತ ಬರಿ.”

ಹೇಳಿದ ಹಾಗೆಯೇ ಬರೆದು, ಪರಿಚಯದ ಸಂಜೆ ಪತ್ರಿಕೆಯವರಿಗೆ ಕಳಿಸಿದೆ. ಮುಂದಿನ ವಾರ ಪ್ರತಿ ಹಿಡಿದುಕೊಂಡು ಅತ್ತೆಯ ಮನೆಗೆ ಹೋಗುವಾಗ ನನಗೆ ಭಯ. ಪತ್ರಿಕೆಯವರು ಮೊಳವನ್ನೂ ಜಗಳವನ್ನೂ ಹೊಡೆದುಹಾಕಿ, ಎಲ್ಲರಿಗೂ ಹಾಕುವ ಮಾತನ್ನೇ ಹಾಕಿದ್ದರು: ‘ಮೃತರು ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’

ಅತ್ತೆ ಕನ್ನಡಕ ಏರಿಸಿ ಓದಿದಳು. ಮತ್ತೊಮ್ಮೆ ಓದಿದಳು. ಬೈಗುಳಕ್ಕೆ ನಾನು ಸಿದ್ಧನಾದೆ. ಆಕೆ ನಗತೊಡಗಿದಳು.

“ಅಪಾರ ಬಂಧು ಬಳಗ ಅಂತ! ಲೇ, ನಾ ಒಬ್ಬಾಕಿ! ಇರೋದ ನಾ ಒಬ್ಬಾಕಿ!”

ನಗುತ್ತಲೇ ಇದ್ದವಳು ಯಾವಾಗ ಅಳತೊಡಗಿದಳೋ ನನಗೆ ತಿಳಿಯಲಿಲ್ಲ. ಮಾವ ಹೋದ ದಿನವೂ ಆಕೆ ಹೀಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

“ಒಬ್ಬಾಕಿ ಯಾಕ ಅತ್ತಿ,” ಅಂದೆ, “ನಾನೂ ಅದೀನಲ್ಲ.”